ಹಳೇ ಕಾರು ನೋಡೋಕೆ ಆಯುಧಪೂಜೆಗಿಂತ ಒಳ್ಳೇ ದಿನ ಇಲ್ಲ: ನನ್ನ ಅನುಭವ

ಹಳೇ ಕಾರು ನೋಡಬೇಕಾದರೆ ಶೋಗೇ ಹೋಗಬೇಕು, ರಸ್ತೆಯಲ್ಲಿ ಸಿಕ್ಕರೆ ಅದು ಅದೃಷ್ಟ ಎಂದು ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದೃಷ್ಟದ ಮಾತೇ ಬೇಡ, ಯಾವ ಗಾಡಿ ಯಾವತ್ತು ಹೊರಗೆ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದು ಎಂದು ನಾನು ಹೇಳಿದಾಗ ನಕ್ಕರು. ಈಗ ಅವರೇ ನವರಾತ್ರಿ ಶುರುವಾದ ಕೂಡಲೇ ಫೋನ್ ಮಾಡಿ "ಈ ಸಲ ಯಾವ ಕಡೆ ಸರ್?" ಅಂತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹಳೇ ಫಿಯೆಟ್‌ಗಳಲ್ಲಿ ಡಿಲೈಟ್ ಯಾವುದು ಪದ್ಮಿನಿ ಯಾವುದು, ಮಾರ್ಕ್ 2 ಅಂಬಾಸಡರಿನ ಮುಂದಿನ ಜಾಲರಿ ಹೇಗಿರುತ್ತದೆ, ಇದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡೇ ಮುಂದೆ ಹೋಗುತ್ತೇನೆ.

ಮೊದಲು ದುಡ್ಡು ಹೋದ ಕಥೆ. ಎಲ್ಲರ ಹಾಗೆ ನಾನೂ ಸೆಕೆಂಡ್ ಹ್ಯಾಂಡ್ ಜೂಮ್ ಲೆನ್ಸ್ ತಗೊಂಡೆ, ಒಂಬತ್ತು ಸಾವಿರಕ್ಕೋ ಹತ್ತಕ್ಕೋ. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ರಸ್ತೆಯಲ್ಲಿ ಎಷ್ಟೋ ವಾರ ಕಾದೆ. ಬಂದದ್ದೆಲ್ಲ ಹೊಸ ಸ್ಪೋರ್ಟ್ಸ್ ಕಾರು, ಇಲ್ಲ ಬೈಕಿನವರ ದಂಡು. ಇಳಿಜಾರಿನಲ್ಲಿ ಬೇಗ ಕಾಯುವ ಹಳೇ ಡ್ರಮ್ ಬ್ರೇಕಿನ ಗಾಡಿ ಇಟ್ಟುಕೊಂಡವನು ಆ ಗಲಾಟೆಯಲ್ಲಿ ಬೆಟ್ಟ ಯಾಕೆ ಹತ್ತುತ್ತಾನೆ ಹೇಳಿ. ಆಮೇಲೆ ಮೈಸೂರು. ದಸರೆಯ ಹೊತ್ತಿಗೆ ಲಾಡ್ಜ್ ಬಾಡಿಗೆ ಮೂರು ಪಟ್ಟು. ಹೋದ ದಿನ ರ‍್ಯಾಲಿ ಮುಗಿದಿತ್ತು. ಕಾರುಗಳು ಕಾಣಿಸಿದ್ದು ಲಾರಿ ಮೇಲೆ, ಟಾರ್ಪಾಲಿನ್ ಒಳಗೆ. ಆ ಒಂದು ಸಲಕ್ಕೇ ಏಳೆಂಟು ಸಾವಿರ ಹೋಯಿತು. ಲೆನ್ಸನ್ನು ಆರು ಸಾವಿರಕ್ಕೆ ಮಾರಿಬಿಟ್ಟೆ.

ವೈಪರಿಗೆ ಚೀಟಿ ಸಿಕ್ಕಿಸುವುದನ್ನೂ ಮಾಡಿದೆ. "ನಿಮ್ಮ ಕಾರು ಚೆನ್ನಾಗಿದೆ, ಯಾವಾಗ ಓಡಿಸುತ್ತೀರಿ?" ಅಂತ ಬರೆದು ನಂಬರ್ ಕೊಡುತ್ತಿದ್ದೆ. ಕರೆ ಬಂದವು, ಆದರೆ ಬೈಯುವುದಕ್ಕೆ. ಬ್ರೋಕರ್ ಅಂದುಕೊಂಡಿದ್ದರು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಕಾರು ಕೇಳುವವನೂ ಸೈಟು ಕೇಳುವವನೂ ಒಂದೇ ಜಾತಿ ಎಂದು ಜನ ನಂಬಿದ್ದಾರೆ. ವಾಟ್ಸಾಪ್‌ನಲ್ಲಿ "ಈಗ ತಾನೇ ಸ್ಟುಡಿಬೇಕರ್ ಹೋಯ್ತು" ಅಂತ ಬರುವ ಸುದ್ದಿಯಂತೂ ಹೊಟ್ಟೆ ಉರಿಸುವುದಕ್ಕೆ ಮಾತ್ರ.

ದಾರಿ ತೋರಿಸಿದ್ದು 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ. ಐವತ್ತು ವರ್ಷ ದಾಟಿದ ಗಾಡಿ, ಹೊಸ ನೋಂದಣಿಗೆ ₹20,000, ನಂಬರಿನಲ್ಲಿ 'ವಿಎ' ಅಕ್ಷರ, ಇವೆಲ್ಲ ನೀವು ಓದಿರುತ್ತೀರಿ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಾಲು. ಹಾಗೆ ನೋಂದಣಿಯಾದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ ಬಿಟ್ಟರೆ ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ತೆಗೆಯಬಹುದು. ವಿಎ ನಂಬರ್ ಇಲ್ಲದ ಹಳೇ ಕಾರಿನವರೂ ಮಾಡುವುದು ಇದನ್ನೇ ಅಲ್ವಾ? ಸುಮ್ನೆ ತಿರುಗಾಡೋಕೆ ಯಾರೂ ತೆಗೆಯಲ್ಲ. ಹಾಗಾದರೆ ತೆಗೆಯಲೇಬೇಕಾದ ದಿನ ಯಾವುದು ಅಂತ ಹಿಂದಿನಿಂದ ಲೆಕ್ಕ ಹಾಕಿದೆ. ಉತ್ತರ ಕಣ್ಣೆದುರೇ ಇತ್ತು.

ಆಯುಧಪೂಜೆ ದಿನ ಗಾಡಿ ತೊಳೆಯಲೇಬೇಕು. ತೊಳೆಯಬೇಕಾದರೆ ಕವರ್ ತೆಗೆಯಬೇಕು, ಶೆಡ್ಡಿನ ಬಾಗಿಲು ತೆರೆಯಬೇಕು. ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ ಮೇಲೆ ಗಾಡಿ ಒಂದಡಿಯಾದರೂ ಮುಂದಕ್ಕೆ ಉರುಳಲೇಬೇಕು. ಎಂಜಿನ್ ಸತ್ತಿದ್ದರೂ ಹುಡುಗರು ತಳ್ಳುತ್ತಾರೆ. ವರ್ಷವೆಲ್ಲ ಗೋಣಿಚೀಲದ ಹಿಂದೆ ಮಲಗಿದ್ದ ಕಾರಿಗೆ ಆವತ್ತು ಸೇವಂತಿಗೆ ಹಾರ, ಬಾಳೆಕಂದು. ಯಾವ ಶೋ ಇಷ್ಟು ಮಾಡುತ್ತೆ?

"ಹಬ್ಬದ ದಿನ ರಸ್ತೆ ಖಾಲಿ, ಏನೂ ಸಿಗಲ್ಲ" ಅಂತ ಸ್ನೇಹಿತರು ವಾದ ಮಾಡಿದರು. ಮುಖ್ಯರಸ್ತೆ ಖಾಲಿ, ನಿಜ. ನಾನು ಹೋಗಿದ್ದು ಕ್ರಾಸುಗಳಿಗೆ, ಅದೂ ನಡೆದುಕೊಂಡು. ಬಸವನಗುಡಿ, ಮಲ್ಲೇಶ್ವರ, ಫ್ರೇಜರ್ ಟೌನ್, ಜಯನಗರದ ಹಳೇ ಬ್ಲಾಕುಗಳು. ಒಂದು ವರ್ಷಕ್ಕೆ ಒಂದೇ ಬಡಾವಣೆ. ಎರಡು ಮಾಡೋಕೆ ಹೋದರೆ ಎರಡೂ ಅರ್ಧ ಆಗುತ್ತವೆ. ಮೊದಲ ಸಲವೇ ಮಧ್ಯಾಹ್ನದೊಳಗೆ ಹದಿನಾಲ್ಕೋ ಹದಿನೈದೋ ಕಾರು ಸಿಕ್ಕವು. ಮಾರ್ಕ್ 2 ಅಂಬಾಸಡರ್, ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುವ ಐವತ್ತರ ದಶಕದ ಫಿಯೆಟ್, ಮಾರಿಸ್ ಮೈನರ್, ಇಂಡಿಯಾದಲ್ಲಿ ಮಾತ್ರ ತಯಾರಾದ ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಪದ್ಮಿನಿಗಳನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಅದೇ ವರ್ಷ ನೋಡಿದ ಒಂದು ಶೋನಲ್ಲಿ ನನಗೆ ಹೊಸದು ಅನ್ನಿಸಿದ್ದು ನಾಲ್ಕೇ ಕಾರು.

ಹೊತ್ತಿನ ವಿಷಯಕ್ಕೆ ಬನ್ನಿ, ಇದು ಮುಖ್ಯ. ಪೂಜೆ ಯಾರೂ ರಾಹುಕಾಲದಲ್ಲಿ ಮಾಡಲ್ಲ. ಹಬ್ಬ ಶುಕ್ರವಾರ ಬಿದ್ದರೆ 10.30ರಿಂದ 12 ರಾಹುಕಾಲ. ಆಗ ಎಲ್ಲರೂ ಅದಕ್ಕೆ ಮುಂಚೆಯೇ ಮುಗಿಸುವ ಅವಸರದಲ್ಲಿರುತ್ತಾರೆ, 8ಕ್ಕೇ ಬೀದಿಯಲ್ಲಿರಿ. ಬುಧವಾರ ಬಿದ್ದರೆ 12ರಿಂದ 1.30, ಇಡೀ ಬೆಳಗ್ಗೆ ನಿಮ್ಮದು. ಮಂಗಳವಾರ ಇನ್ನೂ ಒಳ್ಳೆಯದು, ಮಧ್ಯಾಹ್ನ 3ರವರೆಗೂ ಅಡ್ಡಿ ಇಲ್ಲ. ಆಫೀಸು, ಫ್ಯಾಕ್ಟರಿಗಳಲ್ಲಿ ಎಷ್ಟೋ ಕಡೆ ಹಿಂದಿನ ದಿನವೇ ಮುಗಿಸುತ್ತಾರೆ. ಗ್ಯಾರೇಜುಗಳಲ್ಲಿ ಹಬ್ಬದ ದಿನವೇ. ಹಳೇ ಮೆಕ್ಯಾನಿಕ್ ಪೂಜೆಗೆ ಕರೆದರೆ ತಪ್ಪಿಸಬೇಡಿ. ಅವರ ಗಿರಾಕಿಗಳೆಲ್ಲ ಕಾರು ಸಮೇತ ಬರುತ್ತಾರೆ. ಕಡ್ಲೆಪುರಿ, ಸ್ವೀಟು ಬೇರೆ.

ಮಾತಾಡಿಸುವಾಗ "ಮಾರ್ತೀರಾ?", "ಈಗ ಎಷ್ಟಾಗುತ್ತೆ?" ಎರಡನ್ನೂ ಬಾಯಿಗೆ ತರಬೇಡಿ. ಒಂದು ಮನೆಯಲ್ಲಿ ಫಿಯೆಟ್ ನೋಡುತ್ತ ನಿಂತಿದ್ದೆ. ಅಜ್ಜಿ ಹೊರಗೆ ಬಂದರು.

"ಏನಪ್ಪಾ, ಕೊಂಡ್ಕೊಳ್ಳೋಕೆ ಬಂದ್ಯಾ?"

"ಇಲ್ಲ ಅಜ್ಜಿ, ಸುಮ್ನೆ ನೋಡೋಕೆ."

"ನೋಡೋಕೇನಿದೆ, ಇಪ್ಪತ್ತು ವರ್ಷದಿಂದ ಇಲ್ಲೇ ಬಿದ್ದಿದೆ" ಅಂದವರು, ಒಳಗೆ ಹೋಗಿ ಕಡ್ಲೆಕಾಳು ಉಸಲಿ ತಂದು ಕೊಟ್ಟರು. ಅವರ ಯಜಮಾನರು ಆ ಕಾರಿನಲ್ಲಿ ಶಿರಾಡಿ ಘಾಟಿ ಇಳಿದ ಕಥೆ ಮುಗಿಯುವ ಹೊತ್ತಿಗೆ ನನ್ನ ಒಂದು ಗಂಟೆ ಹೋಯಿತು. ಆ ಹೊತ್ತಿಗೆ ಎರಡು ಬೀದಿ ಮುಗಿಸಬಹುದಿತ್ತು. ಬೇಜಾರಿಲ್ಲ.

ಫೋಟೋ ತೆಗೆದರೆ ವಾರದೊಳಗೆ ಪ್ರಿಂಟ್ ಹಾಕಿಸಿ ತಗೊಂಡು ಹೋಗಿ ಕೊಡುತ್ತೇನೆ. ಒಂದಕ್ಕೆ ಇಪ್ಪತ್ತು ರೂಪಾಯಿ ಆಗಬಹುದು. ಲೆನ್ಸಿಗೆ ಸುರಿದ ದುಡ್ಡಿನಲ್ಲಿ ಆಗದ ಕೆಲಸ ಈ ಇಪ್ಪತ್ತು ರೂಪಾಯಿಯಲ್ಲಿ ಆಗಿದೆ. ಪ್ರಿಂಟ್ ತಗೊಂಡವರೇ ಆಮೇಲೆ ಫೋನ್ ಮಾಡುತ್ತಾರೆ: "ಭಾನುವಾರ ತೆಗೀತಾ ಇದ್ದೀವಿ, ಬನ್ನಿ."

ಉಳಿದ ಹನ್ನೊಂದು ತಿಂಗಳಿಗೆ ಟಯರ್ ಅಂಗಡಿ. ಓಡಿಸಿದರೂ ಬಿಟ್ಟರೂ ರಬ್ಬರ್ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಅಂಬಾಸಡರಿಗೆ 5.90-15, ಪದ್ಮಿನಿಗೆ 5.20-14, ಹೆರಾಲ್ಡಿಗೆ 5.20-13. ಈ ಅಳತೆ ಇಡುವ ಅಂಗಡಿಗಳು ಈಗ ಊರಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ಯಾವ ಹಳೇ ಕಾರು ಯಾವಾಗ ಜೀವ ಪಡೆಯುತ್ತಿದೆ ಎಂದು ಕ್ಲಬ್ಬಿನವರಿಗಿಂತ ಮೊದಲು ಅಲ್ಲಿ ಗೊತ್ತಾಗುತ್ತದೆ. ಜೆ.ಸಿ. ರಸ್ತೆಯಲ್ಲಿ ಶುರುಮಾಡಿ, ಕಲಾಸಿಪಾಳ್ಯದ ಕಡೆ ಹೋಗಿ. ನನ್ನ ಅಂಗಡಿ ಯಾವುದು ಅಂತ ಇಲ್ಲಿ ಬರೆಯಲ್ಲ, ಅವರ ಹತ್ತಿರ ಏನು ಕೇಳಬೇಕು ಅನ್ನೋದನ್ನೂ ಬರೆಯಲ್ಲ. ಅಷ್ಟಾದರೂ ನನಗಿರಲಿ.

ಇನ್ನೊಂದು ಉಪಾಯ ಧಾರಾಳವಾಗಿ ಕೊಡುತ್ತೇನೆ. ಫುಟ್‌ಪಾತ್ ಪಕ್ಕ ಕವರ್ ಹಾಕಿ ನಿಲ್ಲಿಸಿದ ಕಾರುಗಳನ್ನು ಗುರುತು ಮಾಡಿಟ್ಟುಕೊಳ್ಳಿ. ರಾತ್ರಿ ಮಳೆ ಬಂದು ಬೆಳಗ್ಗೆ ಬಿಟ್ಟಿದೆ ಅನ್ನಿ. ಕಾರು ಇದ್ದ ಜಾಗದಲ್ಲಿ ಚೌಕಾಕಾರವಾಗಿ ಒಣನೆಲ ಕಂಡರೆ ಗಾಡಿ ಈಗಷ್ಟೇ ಹೊರಟಿದೆ ಎಂದರ್ಥ. ದೂರ ಹೋಗಿರಲ್ಲ, ಪೆಟ್ರೋಲ್ ಬಂಕಿಗೋ ಗಾಳಿ ಹಿಡಿಸೋಕೋ ಹೋಗಿರುತ್ತೆ. ಮುಕ್ಕಾಲು ಗಂಟೆ ಕಾದರೆ ವಾಪಸ್ ಬರುತ್ತೆ. ಒಂದು ಅಮೆರಿಕನ್ ಡಾಜ್ ಕಿಂಗ್ಸ್‌ವೇ ಬರುವುದನ್ನು ನಾನು ಹೀಗೇ ನೋಡಿದ್ದು.

ಶಬ್ದದಿಂದ ಕಾರು ಗುರುತಿಸುವ ಪ್ರಯೋಗವನ್ನೂ ಮಾಡಿದೆ. ಒಂದೂವರೆ ಸಾವಿರದ ಮೈಕ್ ತಂದು ರೆಕಾರ್ಡ್ ಮಾಡಿ, ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಕೇಳಿ ಪರೀಕ್ಷೆ ಇಟ್ಟುಕೊಂಡೆ. ಖಚಿತವಾಗಿ ಹೇಳೋಕಾಗಿದ್ದು ಮೂರೇ: ಫೋಕ್ಸ್‌ವ್ಯಾಗನ್ ಬೀಟಲ್, ಹಳೇ ಮರ್ಸಿಡಿಸ್ ಡೀಸೆಲ್, ಮೊದಲ ಗೇರಿನಲ್ಲಿ ಗೊಯ್ಯೆನ್ನುವ ಅಂಬಾಸಡರ್. ಉಳಿದದ್ದೆಲ್ಲ ಮೆಟ್ರೋ ಕಾಮಗಾರಿಯಲ್ಲಿ ಮುಳುಗಿಹೋಯಿತು. ಕಿವಿಗಿಂತ ಮೂಗು ವಾಸಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಗಾಡಿ ಹೋದ ದಾರಿಯಲ್ಲಿ ಅರ್ಧಂಬರ್ಧ ಉರಿದ ಪೆಟ್ರೋಲಿನ ವಾಸನೆ ಸ್ವಲ್ಪ ಹೊತ್ತು ನಿಂತಿರುತ್ತದೆ. ಸ್ಕೂಟರಿನಲ್ಲಿ ಹೋಗುವಾಗ ಆ ವಾಸನೆ ಹಿಡಿದು ಎಡಕ್ಕೆ ತಿರುಗಿ ಕಾಂಟೆಸ್ಸಾ ಹಿಡಿದಿದ್ದೇನೆ. ಮನೆಯವರು ಇದನ್ನು ಇನ್ನೂ ನಂಬಿಲ್ಲ. ಇಪ್ಪತ್ತು ಪರ್ಸೆಂಟ್ ಎಥನಾಲ್ ಪೆಟ್ರೋಲ್ ಬಂದ ಮೇಲೆ ವಾಸನೆ ಸ್ವಲ್ಪ ಬದಲಾಗಿದೆ ಅನ್ನಿಸುತ್ತೆ. ಮಾಲೀಕರಿಗೆ ವಾಸನೆಯ ಚಿಂತೆ ಇಲ್ಲ, ಎಥನಾಲಿಗೆ ಹಾಳಾಗುವ ಪೆಟ್ರೋಲ್ ಪೈಪಿನ ರಬ್ಬರಿನ ಚಿಂತೆ.

ನಂಬರ್ ಪ್ಲೇಟ್ ಡೈರಿಯೂ ಇಟ್ಟಿದ್ದೆ. 1989ರಲ್ಲಿ 'ಕೆಎ' ಬರುವ ಮುಂಚಿನ ಎಂವೈ, ಎಂಇ, ಸಿಎ ನಂಬರುಗಳನ್ನು ಬರೆದುಕೊಳ್ಳುತ್ತಿದ್ದೆ. ಪ್ಲೇಟಿಗಿಂತ ಬಾಗಿಲಿನ ಕೆಳಗಿನ ಪಟ್ಟಿ ಹೆಚ್ಚು ಹೇಳುತ್ತದೆ ಎಂದು ಆಮೇಲೆ ಗೊತ್ತಾಯಿತು. ಮಂಗಳೂರು ಕಡೆಯ ಗಾಡಿಗೆ ಉಪ್ಪುಗಾಳಿಯ ತುಕ್ಕಿನಿಂದ ಅಲ್ಲಿ ತೇಪೆ ಗ್ಯಾರಂಟಿ. ಬಳ್ಳಾರಿ, ರಾಯಚೂರಿನ ಗಾಡಿಯ ತಗಡು ಗಟ್ಟಿ, ಬಣ್ಣ ಮಾತ್ರ ಬಿಸಿಲಿಗೆ ಹೋಗಿರುತ್ತೆ.

ಹಾಗಂತ ಶೋ ಬಿಟ್ಟಿಲ್ಲ. ಬೇರೆ ಥರ ನೋಡುತ್ತೇನೆ. ಮೈದಾನದ ಒಳಗೆ ಹೆಚ್ಚು ಹೊತ್ತು ಇರಲ್ಲ, ಅಲ್ಲಿ ಸೆಲ್ಫಿಯವರ ಬೆನ್ನೇ ಕಾಣೋದು. ನಿಂತ ಕಾರನ್ನೇ ನೋಡಬೇಕಾದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಇದೆ, ಶ್ರೀರಂಗಪಟ್ಟಣದ ಹತ್ತಿರ ಪಯಣ ಇದೆ, ನಿಧಾನವಾಗಿ ನೋಡಬಹುದು. ಶೋ ದಿನ ನಾನು ನಿಲ್ಲುವುದು ಗೇಟಿನ ಹೊರಗೆ, ಹೊರಗೆ ಬರುವ ಹೊತ್ತಿನಲ್ಲಿ. ಬಿಸಿಲಿಗೆ ಕಾದ ಕಾರುಗಳು ಸಾಲಿನಲ್ಲಿ ಇಂಚಿಂಚು ಸರಿಯುವಾಗ ನಿಜವಾದ ಮೆಕ್ಯಾನಿಕ್ ಯಾರು, ಪಾಲಿಷ್ ಗಿರಾಕಿ ಯಾರು ಗೊತ್ತಾಗುತ್ತದೆ. ಒಬ್ಬ ಎಂಜಿನ್ನಿನ ಪಕ್ಕ ಕಾದ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ತಣಿಸಿ ಎರಡು ನಿಮಿಷದಲ್ಲಿ ಹೊರಡುತ್ತಾನೆ. ಇನ್ನೊಬ್ಬ ಡ್ರೈವರಿಗೆ ಫೋನ್ ಮಾಡುತ್ತಾನೆ. ಹೆರಾಲ್ಡ್ ಗಾಡಿಯ ಬಾನೆಟ್ ಪೂರ್ತಿ ಮುಂದಕ್ಕೆ ಮಗುಚಿದಾಗ ಮುಂದಿನ ಚಕ್ರ, ಸ್ಟಿಯರಿಂಗ್ ಎಲ್ಲ ಬಯಲಿಗೆ ಬರುತ್ತವೆ, ಆ ಹತ್ತು ನಿಮಿಷ ಟಿಕೆಟ್ ಇಲ್ಲದ ಪಾಠ. ಹಿಂದಿನಿಂದ ನೋಡಿದರೆ ಹೆರಾಲ್ಡಿನ ನಂತರ ಅದೇ ಕಂಪನಿಯಿಂದ ಬಂದ ಗೆಜೆಲ್ ಕೂಡ ಬೇರೆ ಅಂತ ಗೊತ್ತಾಗುತ್ತೆ: ಹೆರಾಲ್ಡಿನ ಹಿಂದಿನ ಚಕ್ರ ವಾಲುತ್ತದೆ, ಗೆಜೆಲ್‌ಗೆ ನೇರ ಆಕ್ಸಲ್.

ಶೋಗಳ ಬಗ್ಗೆ ನನ್ನ ಒಂದು ತಕರಾರಿದೆ. ಅಮೆರಿಕನ್ ಕಾರುಗಳಿಗೆ ಸಿಗುವ ಮರ್ಯಾದೆ ನಮ್ಮ ಗಾಡಿಗಳಿಗೆ ಸಿಗುತ್ತಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾರುತಿ 800 ಮಾಡೆಲ್ ಈಗ ರಸ್ತೆಯಲ್ಲಿ ಡಾಜ್‌ಗಿಂತ ಅಪರೂಪ, ನನ್ನ ಲೆಕ್ಕದಲ್ಲಿ. ಇಟ್ಟುಕೊಳ್ಳಬೇಕಾದ ವಸ್ತು ಅಂತ ಆಗ ಯಾರಿಗೂ ಅನ್ನಿಸಲಿಲ್ಲ, ಓಡಿಸಿ ಗುಜರಿಗೆ ಹಾಕಿದರು. ಒಳ್ಳೇ ಸ್ಥಿತಿಯಲ್ಲಿ ಓಡುವುದನ್ನು ನಾನು ನೋಡಿರುವುದು ಎರಡೇ. ಎರಡೂ ಆಯುಧಪೂಜೆಯ ದಿನವೇ.

ನನಗಿನ್ನೂ ಸಿಗದೇ ಇರುವುದು ನಮ್ಮೂರಿನದೇ ಕಾರು, ಸಿಪಾನಿ ಡಾಲ್ಫಿನ್. ಬೆಂಗಳೂರಿನಲ್ಲೇ ತಯಾರಾದದ್ದು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮೇಲೆ ಮಾಡಿದ್ದು. ಬಾಡಿ ಫೈಬರಿನದು, ತುಕ್ಕು ಹಿಡಿಯಲ್ಲ. ಅಂದಮೇಲೆ ಎಲ್ಲೋ ಒಂದು ಶೆಡ್ಡಿನಲ್ಲಿ ಕೋಳಿಗೂಡಾಗಿಯಾದರೂ ಇರಲೇಬೇಕು. ತುಮಕೂರು, ಹಾಸನ, ಕೋಲಾರದ ಕಡೆ ಓಡುವ ಡಾಲ್ಫಿನ್ ಕಂಡವರಿದ್ದರೆ ಹೇಳಿ. ಬಸ್ ಚಾರ್ಜು, ಪ್ರಿಂಟು ನನ್ನ ಖರ್ಚು. ಬೇಕಿದ್ದರೆ ಆ ಟಯರ್ ಅಂಗಡಿಯ ವಿಳಾಸವನ್ನೂ ಕೊಡುತ್ತೇನೆ.