ಚಾರ್ ಕಾಲಂನ ಬಾಲದಲ್ಲಿ ಕೂತ ಸ್ಪೇಸ್‌ಗಳನ್ನು ಹಿಡಿಯುವುದು ಹೇಗೆ?

ಶಿರಸಿಯ ಅಡಿಕೆ ವಖಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಹಳೇ ಡೇಟಾಬೇಸ್ ತೆರೆದರೆ ಅಡಿಕೆಯ ವಿಧ ಬರೆಯಲು ಚಾರ್(10) ಕಾಲಂ, ಅಂದರೆ ಸದಾ 10 ಅಕ್ಷರದ ಜಾಗ ಹಿಡಿಯುವ ಕಾಲಂ, ಇರುವುದು ಮಾಮೂಲು. ಅದಕ್ಕೆ 'ಚಾಲಿ' ಎಂದು ಸೇರಿಸಿದರೆ ಯುನಿಕೋಡ್ ಲೆಕ್ಕದಲ್ಲಿ 4 ಆಗುತ್ತದೆ: ವ್ಯಂಜನ 2, ಸ್ವರಚಿಹ್ನೆ 2. ಉಳಿದ 6 ಜಾಗಕ್ಕೆ ಸ್ಪೇಸ್ ತುಂಬಿಕೊಳ್ಳುತ್ತದೆ.

ಮೊದಲು ಪರೀಕ್ಷೆ ಮಾಡಿ. ಎಸ್‌ಕ್ಯೂಎಲ್ ಸರ್ವರ್, ಒರಾಕಲ್ ಡೇಟಾಬೇಸ್‌ಗಳಲ್ಲಿ ಕಾಲಂನ ಎರಡೂ ಕಡೆ ಒಂದೊಂದು ನಕ್ಷತ್ರ ಜೋಡಿಸಿ ಪ್ರಿಂಟ್ ಮಾಡಿದರೆ ಸ್ಪೇಸ್ ಇದೆಯೋ ಇಲ್ಲವೋ ಕಂಡುಬಿಡುತ್ತದೆ. ಬರೀ ಉದ್ದ ಕೇಳಿ ನಂಬಬೇಡಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎನ್‌ಚಾರ್(10), ಅಂದರೆ ಯುನಿಕೋಡ್ ಹಿಡಿಸುವ ಚಾರ್, ಇಟ್ಟರೆ 'ಲೆನ್' 4 ಅನ್ನುತ್ತದೆ, 'ಡೇಟಾಲೆಂಗ್ತ್' 20 ಬೈಟ್ ಅನ್ನುತ್ತದೆ. ಜೋಡಿಸಿದಾಗ ಸ್ಪೇಸ್‌ಗಳೂ ಜೊತೆಗೇ ಬರುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ 'ಲೆಂಗ್ತ್' 4, ಜೋಡಿಸುವ ಗುರುತು ಬಳಸಿದರೆ ಸ್ಪೇಸ್ ಮಾಯ. ಆದರೆ 'ಲೈಕ್' ಹಾಕಿ 'ಲಿ'ಯಲ್ಲಿ ಮುಗಿಯುವುದನ್ನು ಹುಡುಕಿದರೆ ಚಾಲಿ ಸಿಗುವುದಿಲ್ಲ, ಅಲ್ಲಿ ಸ್ಪೇಸ್ ಲೆಕ್ಕಕ್ಕೆ ಬರುತ್ತದೆ. ಮೈಎಸ್‌ಕ್ಯೂಎಲ್ ಓದುವಾಗಲೇ ಸ್ಪೇಸ್ ಕಳಚಿ ಕೊಡುತ್ತದೆ, ಮೋಡ್ ಬದಲಿಸದಿದ್ದರೆ.

ಜಾಸ್ತಿ ಹುಷಾರಾಗಿರಬೇಕಾದ್ದು ಒರಾಕಲ್‌ನಲ್ಲಿ. ಡಿಫಾಲ್ಟ್ ಆಗಿ ಅಲ್ಲಿ 10 ಎಂದರೆ 10 ಬೈಟ್. ಯುಟಿಎಫ್-8ರಲ್ಲಿ ಚಾಲಿಗೇ 12 ಬೈಟ್ ಬೇಕು, ಹಾಗಾಗಿ ಎರರ್ ಬರುತ್ತದೆ. ಚಾರ್(10 ಚಾರ್) ಎಂದು ಬರೆದರೆ ಹಿಡಿಸುತ್ತದೆ, ಆಗ 'ಲೆಂಗ್ತ್' 10 ಬರುತ್ತದೆ. ಇನ್ನೊಂದು ತೊಡಕು ಹೋಲಿಕೆಯದು. ಕ್ವೆರಿಯಲ್ಲಿ 'ಚಾಲಿ' ಎಂದು ನೇರ ಬರೆದರೆ ಸಾಲು ಸಿಗುತ್ತದೆ. ಅದೇ ಮಾತನ್ನು ಪ್ರೋಗ್ರಾಂನಿಂದ ವಾರ್‌ಚಾರ್2 (ಸ್ಪೇಸ್ ತುಂಬದೆ ಬೇಕಾದಷ್ಟೇ ಉದ್ದ ಇಡುವ ಬಗೆ, ಬೇರೆ ಕಡೆ ಬರೀ ವಾರ್‌ಚಾರ್) ವೇರಿಯೇಬಲ್‌ನಲ್ಲಿ ಕಳಿಸಿದರೆ ಸಿಗುವುದಿಲ್ಲ! ಎರಡೂ ಕಡೆ ಚಾರ್ ಇದ್ದರೆ ಮಾತ್ರ ಒರಾಕಲ್ ಸ್ಪೇಸ್ ತುಂಬಿ ಹೋಲಿಸುತ್ತದೆ, ಕ್ವೆರಿಯಲ್ಲಿ ನೇರ ಬರೆದ ಮಾತು ಅದಕ್ಕೆ ಚಾರ್ ಇದ್ದಂತೆ. ಕೈಯಲ್ಲಿ ನೋಡಿದಾಗ ಸರಿ, ಕೌಂಟರಿನಲ್ಲಿ ತಪ್ಪು ಎನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ.

ಪ್ರತಿ ಕ್ವೆರಿಯಲ್ಲೂ ಕಾಲಂಗೆ ಬಾಲದ ಸ್ಪೇಸ್ ಕತ್ತರಿಸುವ 'ಆರ್‌ಟ್ರಿಮ್' ಹಾಕುತ್ತಾ ಹೋಗಬೇಡಿ, ಹುಡುಕಾಟ ಬೇಗ ಮುಗಿಸುವ ಮಾಮೂಲಿ ಇಂಡೆಕ್ಸ್ ಕೆಲಸಕ್ಕೆ ಬರದೇ ಹೋಗಬಹುದು. ಕಾಲಂನ್ನೇ ವಾರ್‌ಚಾರ್‌ಗೆ ಬದಲಿಸಿ. ಒರಾಕಲ್‌ನಲ್ಲೂ ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಬದಲಿಸಿದ ಮೇಲೂ ಹಳೇ ಸ್ಪೇಸ್ ಹಾಗೇ ಉಳಿಯುತ್ತದೆ, ಅಪ್‌ಡೇಟ್ ಮಾಡಿ ಒಮ್ಮೆ ಆರ್‌ಟ್ರಿಮ್ ಮಾಡಲೇಬೇಕು. ಪೋಸ್ಟ್‌ಗ್ರೆಸ್ ತಾನೇ ತೆಗೆಯುತ್ತದೆ.

ಉದ್ದ ಎಂದೂ ಬದಲಾಗದ ಕಡೆ ಚಾರ್ ಇರಲಿ: ರೈತರ ಬ್ಯಾಂಕಿನ ಐಎಫ್‌ಎಸ್‌ಸಿ 11, ಪ್ಯಾನ್ 10, ಶಿರಸಿಯ 581401 ಥರದ ಪಿನ್‌ಕೋಡ್ 6. ರಾಶಿ, ಬೆಟ್ಟೆ, ಕೆಂಪುಗೋಟು ಅಳತೆಗೆ ಸಿಗುವಂಥವಲ್ಲ, ಅವಕ್ಕೆ ವಾರ್‌ಚಾರ್ ಕೊಡಿ.