ಬಾಲ ಕತ್ತರಿಸಿದರೂ ಬದುಕುವ ಸಂಖ್ಯೆಗಳು

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಬರೆಯುವುದು, ಬಟವಾಡೆ ಲೆಕ್ಕ ಹಾಕುವುದು ನನ್ನ ಕೆಲಸ. ಆ ಲೆಕ್ಕಕ್ಕೆಂದೇ ಪೈಥಾನ್ ಎಂಬ ಪ್ರೋಗ್ರಾಂ ಬರೆಯುವ ಭಾಷೆಯನ್ನು ಸ್ವಲ್ಪ ಕಲಿತಿದ್ದೆ. ಜುಲೈ ಮಳೆ ಹಿಡಿದ ಒಂದು ಸಂಜೆ ಸುಮ್ನೆ ಕೂತಿದ್ದಾಗ 73939133 ಎಂಬ ಸಂಖ್ಯೆಯ ಹುಚ್ಚು ಹತ್ತಿತು.

ಇದು ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು. ಬಲಗಡೆಯ ಒಂದು ಅಂಕಿ ಅಳಿಸಿ. 7393913 ಉಳಿಯುತ್ತದೆ, ಅದೂ ಅವಿಭಾಜ್ಯ. ಹೀಗೇ ಅಳಿಸುತ್ತಾ ಹೋಗಿ, 739, 73, ಕೊನೆಗೆ 7. ನಡುವೆ ಒಂದೂ ಕೈಕೊಡುವುದಿಲ್ಲ. ಇಂಥವು ಒಟ್ಟು ಎಷ್ಟಿವೆ? ನಾನೇ ಹುಡುಕೋಣ ಅಂತ ಕೂತೆ.

ಮೊದಲು ಬರೆದದ್ದು ದಡ್ಡ ಪ್ರೋಗ್ರಾಂ. ಒಂದರಿಂದ 10 ಕೋಟಿವರೆಗೆ ಪ್ರತಿ ಸಂಖ್ಯೆಯನ್ನೂ ಹಿಡಿ, ಬಾಲ ಕತ್ತರಿಸು, ಪರೀಕ್ಷಿಸು. ಫ್ಯಾನ್ ಕೂಗತೊಡಗಿತು, ಉತ್ತರ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ. ಎಲ್ಲಾ ನೀರಿಗೆ ಹೋಯಿತು.

ಕತ್ತಲಲ್ಲಿ ಕೂತಾಗಲೇ ಹೊಳೆದದ್ದು: ಕತ್ತರಿಸುವ ಬದಲು ಬೆಳೆಸಬಹುದಲ್ವಾ? ಒಣಗಿದ ಕೊಂಬೆಯಲ್ಲಿ ಚಿಗುರು ಹುಡುಕುವವರು ಯಾರು? ಒಂದಂಕಿಯ ಅವಿಭಾಜ್ಯಗಳಿಂದ ಶುರು ಮಾಡಿ, ಪ್ರತಿಯೊಂದರ ಬಲಕ್ಕೆ 1, 3, 7, 9 ಸೇರಿಸಿ ನೋಡಿದರೆ ಸಾಕು. ಬೇರೆ ಅಂಕಿ ಸೇರಿಸಿದರೆ 2 ಅಥವಾ 5 ಭಾಗಿಸಿಬಿಡುತ್ತದೆ. ಅವಿಭಾಜ್ಯವಾದವನ್ನು ಪಟ್ಟಿಯಲ್ಲಿಟ್ಟು ಮತ್ತೆ ಅದೇ ಕೆಲಸ. ಪಟ್ಟಿ ಖಾಲಿಯಾದಾಗ ಮುಗಿಯಿತು. ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂ ಅಷ್ಟೇ.

ಕರೆಂಟ್ ಬಂದ ಮೇಲೆ ಓಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ! ಆದರೆ ಕೊನೆಯ ಸಂಖ್ಯೆ 73939133 ಅಲ್ಲ, 1979339339. ಹತ್ತು ಅಂಕಿ! ದೊಡ್ಡದೇನೋ ಕಂಡುಹಿಡಿದೆ ಅಂತ ಮಗಳನ್ನು ಕೂಗಿ ತೋರಿಸಿದೆ. ಅವಳು ಎಂಟನೇ ಕ್ಲಾಸು. ಪರದೆ ನೋಡಿ, “ಅಪ್ಪಾ, 1 ಅವಿಭಾಜ್ಯ ಅಲ್ವಲ್ಲ!” ಅಂದಳು.

ನಿಜ. ನನ್ನ ಪರೀಕ್ಷೆ 2ರಿಂದ ವರ್ಗಮೂಲದವರೆಗೆ ಭಾಗಿಸಿ ನೋಡುತ್ತಿತ್ತು. 1ಕ್ಕೆ ಭಾಗಿಸಲು ಏನೂ ಸಿಗದೆ ಪಾಸಾಗಿಬಿಟ್ಟಿತ್ತು. ಅದರ ಬಾಲದಲ್ಲಿ 19, 197, 1979 ಎಲ್ಲಾ ಒಳಗೆ ನುಗ್ಗಿದ್ದವು. ಎರಡಕ್ಕಿಂತ ಚಿಕ್ಕದಾದರೆ ತಳ್ಳಿಬಿಡು ಅಂತ ಒಂದು ಸಾಲು ಸೇರಿಸಿದೆ.

ಈಗ ಸರಿಯಾಯಿತು. ಒಟ್ಟು 83. ಒಂದಂಕಿಯವು 4, ಎರಡಂಕಿಯವು 9, ನಾಲ್ಕಂಕಿಯವು ಜಾಸ್ತಿ, 16. ಆಮೇಲೆ ಇಳಿಮುಖ. ಎಂಟಂಕಿಯವು ಐದೇ, ದೊಡ್ಡದು ನಮ್ಮ 73939133. ಆ ಐದಕ್ಕೆ ಯಾವ ಅಂಕಿ ಸೇರಿಸಿದರೂ ಅವಿಭಾಜ್ಯ ಬರುವುದಿಲ್ಲ. 10 ಕೋಟಿ ಜಾಲಾಡಲು ಹೊರಟಿದ್ದೆನಲ್ಲ, ಬೇಕಾಗಿದ್ದದ್ದು 83ನ್ನು ನಾಲ್ಕರಿಂದ ಗುಣಿಸಿದಷ್ಟು, 332 ಪರೀಕ್ಷೆ. ಜೊತೆಗೆ ಮೊದಲ ಒಂದಂಕಿಯವು.

ಅದೇ ಅಮಲಿನಲ್ಲಿ ತಿರುಗಿಸಿ ಓದಿದರೆ ಬೇರೊಂದು ಅವಿಭಾಜ್ಯವಾಗುವವನ್ನೂ ಹುಡುಕಿದೆ. ಮೊದಲು ಸಿಕ್ಕಿದ್ದು 13 ಮತ್ತು 31. ಕೆಎ 13 ಹಾಸನ, ಕೆಎ 31 ಶಿರಸಿ. ಮಗಳು ಅವತ್ತಿಂದ ರಸ್ತೆಯಲ್ಲಿ ನಂಬರ್ ಪ್ಲೇಟ್ ಬಿಟ್ಟು ಬೇರೇನೂ ನೋಡುತ್ತಿಲ್ಲ.

ಎಡಗಡೆಯಿಂದ ಕತ್ತರಿಸುವವು ಇನ್ನೂ ಬಾಕಿ. ಸೊನ್ನೆ ಇರುವವನ್ನು ಬಿಟ್ಟರೆ ಅವು 4260 ಇವೆ, ದೊಡ್ಡದಕ್ಕೆ 24 ಅಂಕಿ. ಒಂದೊಂದಾಗಿ ಭಾಗಿಸುವ ನನ್ನ ಪರೀಕ್ಷೆ ಅಲ್ಲಿ ಮೊಣಕಾಲೂರುತ್ತದೆ. ದೊಡ್ಡ ಸಂಖ್ಯೆಗಳನ್ನೂ ಬೇಗ ಪರೀಕ್ಷಿಸುವ ಮಿಲ್ಲರ್-ರಾಬಿನ್ ಎಂಬ ವಿಧಾನ ಕಲಿಯುತ್ತಿದ್ದೇನೆ. ಅದಕ್ಕೂ ಮೊದಲು ಹೊಸ ಬ್ಯಾಟರಿ ತರಬೇಕು.