ಒಂದು ವಚನ, ಒಬ್ಬ ಮನುಷ್ಯ, ಒಂದು ಗಡುವು: ನನ್ನ ಅನುಭವ

ಬೆಳಿಗ್ಗೆ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಓದಿದ ವಾಕ್ಯ ಹೊತ್ತು ಮುಳುಗುವುದರೊಳಗೆ ಯಾರಾದರೂ ಒಬ್ಬರಿಗೆ ಒಂದು ಕೆಲಸವಾಗಿ ಮುಟ್ಟಬೇಕು. ನಾನು ಹಿಡಿದುಕೊಂಡಿರುವ ಕ್ರಮ ಇಷ್ಟೇ. ಇದನ್ನು ಮೊದಲು ಹೇಳಿದಾಗ ಸಭೆಯ ಹಿರಿಯರಲ್ಲಿ ಕೆಲವರು ‘ಇದು ಧರ್ಮಶಾಸ್ತ್ರದ ನೊಗಕ್ಕೆ ಮರಳುವ ದಾರಿ’ ಅಂದರು, ಅಂದರೆ ದೇವರ ಕೃಪೆಯನ್ನು ಬಿಟ್ಟು ಕಟ್ಟಳೆಗಳನ್ನೇ ನೆಚ್ಚಿಕೊಳ್ಳುವುದು. ಬೈಬಲ್ ಸ್ಟಡಿ ನಡೆಸುವವರು ‘ಹೀಗೆ ಹೋದರೆ ಸತ್ಯವೇದ ಮುಗಿಸುವುದು ಯಾವಾಗ?’ ಎಂದು ಕೇಳಿದರು. ಈಗ ಅವರಲ್ಲೇ ಹಲವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡು ಕುಳಿತಿದ್ದಾರೆ. ದಿನಾಲೂ ಸತ್ಯವೇದ ತೆರೆಯುವ, ಪ್ರಾರ್ಥಿಸುವ ಅಭ್ಯಾಸ ಇರುವವರಿಗಾಗಿ ಬರೆಯುತ್ತಿದ್ದೇನೆ. ಯಾಕೆ ಓದಬೇಕು ಎಂಬ ಮಾತು ಇಲ್ಲಿಲ್ಲ.

ವರ್ಷಕ್ಕೊಮ್ಮೆ ಮುಗಿಸುವ ಯೋಜನೆ ಎಲ್ಲರಿಗೂ ಗೊತ್ತು. 66 ಪುಸ್ತಕ, 1189 ಅಧ್ಯಾಯ, ದಿನಕ್ಕೆ ಮೂರರಿಂದ ನಾಲ್ಕು. ಕಥೆಯ ಎಳೆ ಹಿಡಿಯಲು, ಯಾವುದು ಎಲ್ಲಿದೆ ಎಂದು ತಿಳಿಯಲು ಅದು ಒಳ್ಳೆಯದೇ. ಆದರೆ ವಾಕ್ಯದ ಪ್ರಕಾರ ನಡೆಯುವುದಕ್ಕೆ ಅದು ಕೆಲಸಕ್ಕೆ ಬರುವುದಿಲ್ಲ, ಅದಕ್ಕೆ ಕಾರಣವೂ ಇದೆ. ಮೂರು ಅಧ್ಯಾಯದಲ್ಲಿ ಒಮ್ಮೊಮ್ಮೆ ಹತ್ತು ಹನ್ನೆರಡು ಆಜ್ಞೆಗಳಿರುತ್ತವೆ. ಅಷ್ಟು ಆಜ್ಞೆಗಳ ನಡುವೆ ಮನಸ್ಸು ತಾನು ಈಗಾಗಲೇ ಮಾಡುತ್ತಿರುವುದನ್ನೇ ಆರಿಸಿಕೊಂಡು ನೆಮ್ಮದಿಪಡುತ್ತದೆ. ಕಳ್ಳತನ ಮಾಡದವನಿಗೆ ಕಳ್ಳತನದ ಆಜ್ಞೆ ಬಹಳ ಹಿತವಾಗಿ ಕಾಣುತ್ತದೆ. ನಾಲ್ಕು ದಿನ ತಪ್ಪಿದರೆ ಬಾಕಿ ತೀರಿಸಲು ಒಂದೇ ಕೂತಲ್ಲಿ ಹದಿನಾಲ್ಕು ಅಧ್ಯಾಯ ಓಡಿಸಬೇಕು, ಆಗ ಕಣ್ಣಷ್ಟೇ ಓದುತ್ತದೆ. ಯೆಹೆಜ್ಕೇಲ 33:31-32ರಲ್ಲಿ ಜನ ಪ್ರವಾದಿಯ ಮುಂದೆ ಕುಳಿತು ಇಂಪಾದ ಹಾಡು ಕೇಳುವಂತೆ ಅವನ ಮಾತು ಕೇಳುತ್ತಾರೆ, ಕೈಗೊಳ್ಳುವುದಿಲ್ಲ. ಅವರು ಕೇಳುವುದನ್ನು ಬಿಟ್ಟವರಲ್ಲ, ತಪ್ಪದೆ ಬರುತ್ತಿದ್ದವರು.

ದೇವರ ಒಂದೊಂದು ವಾಗ್ದಾನ ಬರೆದ ಕಾರ್ಡುಗಳಿಂದ ಒಂದನ್ನು ಎತ್ತುವುದು, ಕಣ್ಣು ಮುಚ್ಚಿ ಪುಟ ತೆರೆಯುವುದು ಇನ್ನೂ ಕಷ್ಟ. ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎನ್ನುವ ಯೆರೆಮೀಯ 29:11 ಗೋಡೆಯ ಮೇಲೆ ತೂಗುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಒಂದು ಸಾಲು. ಅದರ ಹಿಂದಿನ ಸಾಲಿನಲ್ಲೇ 70 ವರ್ಷ ಎಂದಿದೆ. ಅದಕ್ಕೂ ಮೊದಲು ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮ ಹುಡುಕಿರಿ ಎಂಬ ಕೆಲಸಗಳಿವೆ. ಕಾರ್ಡಿನಲ್ಲಿ ವಾಗ್ದಾನ ಉಳಿದು, ಪಟ್ಟಣದ ಕ್ಷೇಮ ಹುಡುಕುವ ಕೆಲಸ ಬಿಟ್ಟುಹೋಗಿದೆ. ಗಿದ್ಯೋನ ಕುರಿಯ ತುಪ್ಪಟ ಹಾಸಿ ದೇವರಿಂದ ಗುರುತು ಕೇಳಿದ ಹಾಗೆ ಪರೀಕ್ಷಿಸುವವರೂ ನೆನಪಿಡಬೇಕು: ದೇವರು ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳಿಯಾದ ಮೇಲೆ ಅವನು ಅದನ್ನು ಹಾಸಿದ್ದು.

ಕ್ರಮ ಹೀಗೆ. ಒಂದೇ ಪುಸ್ತಕ, ಮುಗಿಯುವ ತನಕ ಅದೇ. ದಿನಕ್ಕೆ ಹತ್ತರಿಂದ ಹದಿನೈದು ವಚನ, ಒಂದು ಪ್ರಸಂಗ ಮುಗಿಯುವಷ್ಟು. ಮೂರು ಸಲ ಓದಬೇಕು. ಮೊದಲನೆಯದು ಬಾಯಿಬಿಟ್ಟು. ಎರಡನೆಯದು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದ್ದು ಎಂದು ನೋಡಲು. ಹಿಂದಿನ ಹತ್ತು ವಚನವನ್ನೂ ಆಗ ಕಣ್ಣಾಡಿಸಿ. ಮೂರನೆಯದು ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಎಳೆಯುತ್ತ. ಇದಕ್ಕೆ ಸುಮಾರು ಇಪ್ಪತ್ತೈದು ನಿಮಿಷ. ಆಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ವಚನ, ಯಾರಿಗೆ, ಏನು, ಎಷ್ಟು ಗಂಟೆಯೊಳಗೆ. ಹೆಸರಿನ ಮೊದಲ ಅಕ್ಷರ ಸಾಕು, ಇನ್ನೊಬ್ಬರ ಕೈಗೆ ಸಿಕ್ಕರೆ ತೊಂದರೆ ಆಗಬಾರದು.

ಮೂರನೇ ಕಾಲಂನಲ್ಲೇ ಹೆಚ್ಚಿನವರು ಎಡವುತ್ತಾರೆ. ‘ತಾಳ್ಮೆಯಿಂದ ಇರುತ್ತೇನೆ’ ಎಂದು ಬರೆದರೆ ಅದು ಕೆಲಸವಲ್ಲ, ಸಂಜೆ ಅದನ್ನು ಆಯಿತು ಅಥವಾ ಇಲ್ಲ ಎಂದು ಗುರುತು ಹಾಕಲು ಬರುವುದಿಲ್ಲ. ಯಾಕೋಬ 1:19ಕ್ಕೆ ಮತ್ತು ಜ್ಞಾನೋಕ್ತಿ 18:13ಕ್ಕೆ ಹೀಗೆ ಬರೆಯಬೇಕು: ‘ಇವತ್ತಿನ ಮಾತುಕತೆಯಲ್ಲಿ ಸ ಅವರು ಪೂರ್ತಿ ಹೇಳಿ ಮುಗಿಸುವ ತನಕ ಬಾಯಿ ತೆರೆಯುವುದಿಲ್ಲ, ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ, ಅವರು ಹೌದೆಂದ ಮೇಲೆ ಉತ್ತರ.’ ಇಷ್ಟು ಬಿಡಿಸಿ ಬರೆದರೆ ತಪ್ಪಿಸಿಕೊಳ್ಳಲು ಜಾಗ ಉಳಿಯುವುದಿಲ್ಲ. ದಿನಕ್ಕೆ ಒಂದೇ. ಎರಡು ಬರೆದವರು ಸುಲಭವಾದದ್ದನ್ನು ಮುಗಿಸಿ ಇನ್ನೊಂದನ್ನು ಮರುದಿನಕ್ಕೆ ದೂಡುತ್ತಾರೆ, ನಾನು ಕಲಿಸಿದ ಪ್ರತಿಯೊಬ್ಬರಲ್ಲೂ ಇದನ್ನು ನೋಡಿದ್ದೇನೆ. ಒಂದೇ ಇದ್ದಾಗ ಮೂರರಲ್ಲಿ ಎರಡು ಪಾಲು ಅಂದೇ ಮುಗಿಯುತ್ತದೆ. ಉಳಿದದ್ದು ಮರುದಿನದ ಮೊದಲ ಸಾಲಾಗಬೇಕು, ಅದು ತೀರದೆ ಹೊಸ ಪ್ರಸಂಗ ಓದಬಾರದು.

ಮೊದಲ ಪುಸ್ತಕ ಯಾಕೋಬನ ಪತ್ರಿಕೆ. 108 ವಚನ, ಅದರಲ್ಲಿ ಐವತ್ತರ ಮೇಲೆ ಆಜ್ಞಾರೂಪಗಳು. ದಿನಕ್ಕೊಂದು ಆಜ್ಞೆಯಂತೆ, ಅದೇ ಪ್ರಸಂಗಕ್ಕೆ ಮತ್ತೆ ಮತ್ತೆ ಮರಳುತ್ತ, ಎರಡು ತಿಂಗಳಿಗೆ ಹತ್ತಿರ. ಆಮೇಲೆ ಮತ್ತಾಯ 5ರಿಂದ 7, 111 ವಚನ, ಅದು ಇನ್ನೂ ನಿಧಾನ. ಅದರ ನಂತರದ ಪುಸ್ತಕಗಳ ಸರದಿಯನ್ನು ಇಲ್ಲಿ ಬರೆಯುವುದಿಲ್ಲ. ಈ ಎರಡನ್ನು ಮಾಡಿ ಮುಗಿಸಿ ಬಂದವರಿಗೆ ಮಾತ್ರ ಹೇಳುವುದು ನನ್ನ ಪದ್ಧತಿ. ಮೊದಲೇ ಹೇಳಿದರೆ ಪಟ್ಟಿ ಮಾಡಿಕೊಳ್ಳುತ್ತಾರೆ, ಯಾಕೋಬನಲ್ಲೇ ನಿಂತುಬಿಡುತ್ತಾರೆ.

ಇನ್ನು ‘ಧರ್ಮಶಾಸ್ತ್ರದ ನೊಗ’ ಎಂಬ ಆಕ್ಷೇಪ. ಅದರಲ್ಲಿ ಹುರುಳಿದೆ, ತಳ್ಳಿಹಾಕುವುದಿಲ್ಲ. ಅದಕ್ಕೆ ಮದ್ದು ಎಫೆಸದವರಿಗೆ ಬರೆದ ಪತ್ರಿಕೆಯ ರಚನೆಯಲ್ಲೇ ಇದೆ. ಮೊದಲ ಮೂರು ಅಧ್ಯಾಯದ 66 ವಚನಗಳಲ್ಲಿ ಮಾಡಿರಿ ಎನ್ನುವ ಆಜ್ಞೆ ಒಂದೇ ಒಂದು: 2:11ರಲ್ಲಿ, ನೆನಪುಮಾಡಿಕೊಳ್ಳಿರಿ. ಉಳಿದದ್ದೆಲ್ಲ ದೇವರು ಕ್ರಿಸ್ತನಲ್ಲಿ ಮಾಡಿಮುಗಿಸಿದ ಕಾರ್ಯದ ಮಾತು. 4ರಿಂದ 6ರ 89 ವಚನಗಳಲ್ಲಿ ಆಜ್ಞೆಗಳು ಸಾಲಾಗಿ ಬರುತ್ತವೆ. 2:8-9ರಲ್ಲಿ ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ. ಅದಕ್ಕೆ ಅಂಟಿಕೊಂಡೇ 2:10ರಲ್ಲಿ ನಾವು ನಡೆಯಬೇಕೆಂದು ಮುಂಚಿತವಾಗಿ ಸಿದ್ಧಮಾಡಿದ ಸತ್ಕ್ರಿಯೆಗಳು. ಆದ್ದರಿಂದ ಓದಿದ ಭಾಗದಲ್ಲಿ ಆಜ್ಞೆ ಇಲ್ಲದ ದಿನ ಬಲವಂತವಾಗಿ ಒಂದು ಕೆಲಸ ಹುಟ್ಟಿಸಬೇಡಿ. ‘ಏನು’ ಎಂಬ ಕಾಲಂನಲ್ಲಿ ಒಂದು ಸಾಲು ಸ್ತೋತ್ರ ಬರೆದು ಬಿಟ್ಟುಬಿಡಿ. ನನ್ನ ನೋಟ್‌ಬುಕ್ಕುಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಅಂಥ ಸಾಲುಗಳೇ. ಆ ಸಾಲುಗಳಿಲ್ಲದ ನೋಟ್‌ಬುಕ್ಕು ಕಂಡರೆ ನನಗೆ ಭಯವಾಗುತ್ತದೆ. ಅಂಥವರು ಆರು ತಿಂಗಳೊಳಗೆ ಒಂದೋ ಬೇಸತ್ತು ಬಿಡುತ್ತಾರೆ, ಇಲ್ಲವೇ ಉಳಿದ ವಿಶ್ವಾಸಿಗಳ ನ್ಯಾಯಾಧಿಪತಿಗಳಾಗುತ್ತಾರೆ.

ಯಾವ ವಿಷಯದ ವಚನಗಳನ್ನು ಮೊದಲು ಬಿಗಿಯಾಗಿ ಹಿಡಿಯಬೇಕು ಎಂದರೆ ನನ್ನ ಉತ್ತರ ಒಂದೇ: ಹಣ. ಪ್ರೀತಿ, ದೀನತೆಗೆ ನಮಗೆ ನಾವೇ ಅಂಕ ಕೊಟ್ಟುಕೊಳ್ಳಬಹುದು. ಕೊಡಬೇಕಾದ ಹಣ ಕೊಟ್ಟಾಯಿತೋ ಇಲ್ಲವೋ ಎಂಬುದರಲ್ಲಿ ಆ ಸೌಕರ್ಯ ಇಲ್ಲ. ಒಂದು ಹಾಳೆಯಲ್ಲಿ ಕೊಡಬೇಕಾದ್ದನ್ನೆಲ್ಲ ಬರೆಯಿರಿ: ಕೂಲಿ, ಸಂಬಳ, ಕೈಸಾಲ, ಒಪ್ಪಿಕೊಂಡು ಕೊಡದ ಕಾಣಿಕೆ, ತೆರಿಗೆ, ತಂದು ಹಿಂದಿರುಗಿಸದ ಪುಸ್ತಕ, ಪಾತ್ರೆ, ಉಪಕರಣ. ಎಷ್ಟು ದಿನದಿಂದ ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ಒಂದು ಗಂಟೆ ಸಾಲುವುದಿಲ್ಲ, ಎರಡು ಮೂರು ಕೂತು ಬೇಕು.

ತೀರಿಸುವ ಸರದಿ ಮುಖ್ಯ. ಸಾಮಾನ್ಯವಾಗಿ ಹೆಚ್ಚು ಪೀಡಿಸುವವರಿಗೆ ಮೊದಲು ಹಣ ಹೋಗುತ್ತದೆ, ಬಾಯಿ ಇಲ್ಲದವರು ಕಾಯುತ್ತಾರೆ. ಶಾಸ್ತ್ರದ ಸರದಿ ತಲೆಕೆಳಗು. ಯಾಜಕಕಾಂಡ 19:13 ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದು ಎನ್ನುತ್ತದೆ. ಧರ್ಮೋಪದೇಶಕಾಂಡ 24:15 ಕಾರಣ ಕೊಡುತ್ತದೆ: ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಯಾಕೋಬ 5:4ರಲ್ಲಿ ತಡೆಹಿಡಿದ ಕೂಲಿಯೇ ಕೂಗುತ್ತದೆ. ಆದ್ದರಿಂದ ಆ ಹಣ ಯಾರಿಗೆ ಅತ್ಯಂತ ಅಗತ್ಯವೋ ಅವರು ಮೊದಲು, ಮೊತ್ತ ಎಷ್ಟೇ ಸಣ್ಣದಿರಲಿ. ಕೈಯಲ್ಲಿ ಹಣ ಇದ್ದೂ ‘ನಾಳೆ ಬನ್ನಿ’ ಎನ್ನುವುದಕ್ಕೆ ಜ್ಞಾನೋಕ್ತಿ 3:28 ಅಡ್ಡ ನಿಲ್ಲುತ್ತದೆ. ಕೈಯಲ್ಲಿ ಇಲ್ಲದಿದ್ದರೆ? ಅವರು ಕೇಳುವ ಮೊದಲು ನೀವೇ ಹೋಗಿ ಎಷ್ಟು, ಯಾವ ದಿನ ಎಂದು ಹೇಳಬೇಕು, ಆ ದಿನವನ್ನು ನಾಲ್ಕನೇ ಕಾಲಂನಲ್ಲಿ ಬರೆಯಬೇಕು.

ಅನ್ಯಾಯವಾಗಿ ಕೈಸೇರಿದ್ದಕ್ಕೆ ಬೇರೆ ಅಳತೆ. ಅರಣ್ಯಕಾಂಡ 5:7ರಲ್ಲಿ ತಪ್ಪನ್ನು ತಾನೇ ಅರಿಕೆಮಾಡಿ, ಮೂಲಧನದ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು. ನೂರಕ್ಕೆ ನೂರಿಪ್ಪತ್ತು. ಮುಂದಿನ ವಚನ ಪಡೆಯಬೇಕಾದವನೂ ಅವನ ಬಂಧುವೂ ಇಲ್ಲದಿದ್ದರೆ ಏನು ಎಂಬುದನ್ನೂ ಬಿಟ್ಟಿಲ್ಲ, ಆಗ ಅದು ಯೆಹೋವನಿಗೆ. ಅಂದರೆ ‘ಅವರು ತೀರಿಹೋದರು’ ಎಂಬ ನೆಪ ನಡೆಯುವುದಿಲ್ಲ, ವಾರಸುದಾರರನ್ನು ಹುಡುಕಬೇಕು. ವಿಮೋಚನಕಾಂಡ 22:1ರಲ್ಲಿ ಕದ್ದ ಕುರಿಯನ್ನು ಕೊಯ್ದವನಿಗೆ ಅಥವಾ ಮಾರಿದವನಿಗೆ ನಾಲ್ಕರಷ್ಟು, ಎತ್ತಿಗೆ ಐದರಷ್ಟು. ಯಾರೂ ಹಿಡಿಯದಿದ್ದರೂ ಸುಂಕದವನಾದ ಜಕ್ಕಾಯ ಲೂಕ 19:8ರಲ್ಲಿ ಆ ನಾಲ್ಕರಷ್ಟನ್ನೇ ತನಗೆ ಹಾಕಿಕೊಂಡ. ನಾನು ಐದನೇ ಒಂದು ಪಾಲನ್ನು ಕಟ್ಟಳೆಯಾಗಿ ಹೇರುವುದಿಲ್ಲ. ಆದರೆ ತಡಮಾಡಿದ ಹಳೆಯ ಕೈಸಾಲಕ್ಕೂ ಅದನ್ನು ಸೇರಿಸಿ ಕೊಡುತ್ತೇನೆ. ತೆಗೆದುಕೊಳ್ಳುವವರು ಬೇಡ ಎಂದರೆ ಒತ್ತಾಯವಿಲ್ಲ.

ಕಾಣಿಕೆಯ ವಿಷಯದಲ್ಲಿ ಒಂದು ಎಚ್ಚರ. 1 ಕೊರಿಂಥ 16:2ರಂತೆ ವಾರದ ಮೊದಲ ದಿನ ತೆಗೆದಿಡುವುದು ಒಳ್ಳೆಯ ಅಭ್ಯಾಸ. ಆದರೆ ಕೊಡಬೇಕಾದ ಸಂಬಳವನ್ನು ನಿಲ್ಲಿಸಿ ಅದರಿಂದ ದಶಮಾಂಶ ಎಣಿಸಿದರೆ ಮಾರ್ಕ 7:11ರಲ್ಲಿ ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದು ತಪ್ಪಿಸಿಕೊಂಡವರ ಲೆಕ್ಕವೇ ಆಗುತ್ತದೆ, ಬೇರೆಯವರ ಪಾಲನ್ನು ದೇವರ ಹೆಸರಿನಲ್ಲಿ ಕೊಟ್ಟಂತೆ. ತೆರಿಗೆಗೆ, ಸಲ್ಲಬೇಕಾದವರಿಗೆ ಅದನ್ನು ಸಲ್ಲಿಸಿರಿ ಎನ್ನುವ ರೋಮಾಪುರ 13:7 ಸಾಕು.

ಮೊದಲ ವರ್ಷ ದುಬಾರಿ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನ ಲೆಕ್ಕದಲ್ಲಿ ವರಮಾನದ ಎಂಟನೇ ಒಂದು ಪಾಲಿನಷ್ಟು ಇಂಥ ಬಾಕಿಗಳಿಗೇ ಹೋಯಿತು. ಎರಡನೇ ವರ್ಷ ಅದು ಹೆಚ್ಚುಕಡಿಮೆ ಸೊನ್ನೆಗೆ ಬಂತು. ‘ವಾಕ್ಯವನ್ನು ಹೀಗೆ ಅಕ್ಷರಶಃ ಹಿಡಿದರೆ ಮನೆ ನಡೆಯುವುದಿಲ್ಲ’ ಎಂದವರಿಗೆ ತೋರಿಸಲು ಆ ಎರಡು ವರ್ಷದ ಲೆಕ್ಕ ನನ್ನ ಹತ್ತಿರ ಇದೆ, ಮನೆ ಮೊದಲಿಗಿಂತ ನೆಟ್ಟಗೆ ನಡೆದಿದೆ.

ಮುರಿದ ಸಂಬಂಧಗಳಿಗೆ ಎರಡು ವಚನ ಜೋಡಿಯಾಗಿ ಬೇಕು. ಮತ್ತಾಯ 5:23-24ರಲ್ಲಿ ಸಹೋದರನಿಗೆ ನಿಮ್ಮ ಮೇಲೆ ಏನೋ ಇದೆ, 18:15ರಲ್ಲಿ ತಪ್ಪು ಅವನದು. ಎರಡರಲ್ಲೂ ಹೋಗಬೇಕಾದವರು ನೀವೇ. 18:15ರಲ್ಲಿ ‘ನೀನೂ ಅವನೂ ಇಬ್ಬರೇ’ ಎಂಬುದೇ ಎಲ್ಲರೂ ಮುರಿಯುವ ಭಾಗ: ‘ಪ್ರಾರ್ಥನೆ ಮಾಡಿ’ ಎಂದು ನಾಲ್ಕು ಜನಕ್ಕೆ ಹೇಳಿ ಆಮೇಲೆ ಅವರ ಮನೆಗೆ ಹೋಗುವುದು. ಹೋಗುವ ಮೊದಲು ಆಡುವ ಮಾತನ್ನು ಎರಡು ಸಾಲಿಗೆ ಇಳಿಸಿ ಬರೆಯಿರಿ, ಅದರಲ್ಲಿ ‘ಆದರೆ ನೀವೂ’ ಎಂಬುದು ಇದ್ದರೆ ಹೊಡೆದುಹಾಕಿ. ಮೆಸೇಜ್ ಕಳಿಸಿ ಮುಗಿಸಬೇಡಿ. ಬಾಗಿಲು ತೆರೆಯದಿದ್ದರೆ ರೋಮಾಪುರ 12:18ರ ‘ನಿಮ್ಮಿಂದಾಗುವ ಮಟ್ಟಿಗೆ’ ಎಂಬ ಮಾತಿದೆ, ಗುರುತು ಹಾಕಿ ಮುಂದೆ ಹೋಗಬಹುದು. ಆದರೆ ಹೊಡೆತ, ಬೆದರಿಕೆ ಇರುವ ಮನೆಗೆ ಒಬ್ಬರೇ ಹೋಗಲು ಈ ವಚನ ಯಾರನ್ನೂ ಕಟ್ಟಿಹಾಕುವುದಿಲ್ಲ.

ಮಾಡಿದ್ದು ಹಿಂದೆ ಸರಿಯುವುದು ಇನ್ನೊಂದು ಅಪಾಯ. ಯೆರೆಮೀಯ 34ರಲ್ಲಿ ಯೆರೂಸಲೇಮಿನವರು ಮುತ್ತಿಗೆಯ ಭಯಕ್ಕೆ ದಾಸದಾಸಿಯರನ್ನು ಬಿಡುಗಡೆ ಮಾಡಿದರು. ಬಾಬೆಲಿನ ಸೈನ್ಯ ಹಿಂದೆ ಸರಿದ ಕೂಡಲೇ ಮತ್ತೆ ಎಳೆದುಕೊಂಡರು. ಬಿಟ್ಟಾಗ ಮಾಡಿದ್ದು ಸರಿ ಎಂದೇ ಪ್ರವಾದಿ ಹೇಳುತ್ತಾನೆ, ತಿರುಗಿಸಿಕೊಂಡದ್ದಕ್ಕೆ ತೀರ್ಪು. ಹಾಗಾಗಿ ನಾನು ಭಾನುವಾರ ಸಂಜೆ ಹೊಸದನ್ನು ಬರೆಯುವುದಿಲ್ಲ. ತಿಂಗಳ ಹಿಂದಿನ ಏಳು ಸಾಲುಗಳನ್ನು ತೆಗೆದು, ಅವು ಇನ್ನೂ ನಿಂತಿವೆಯೇ ಎಂದು ನೋಡುತ್ತೇನೆ. ಸಾಮಾನ್ಯವಾಗಿ ಎರಡು ಬಿದ್ದಿರುತ್ತವೆ, ಬಹುತೇಕ ನಾಲಿಗೆಯವು.

ಪಕ್ಕದ ಪ್ರಯೋಗಗಳಲ್ಲಿ ಉಳಿದದ್ದು ಕೈಬರಹ. ಧರ್ಮೋಪದೇಶಕಾಂಡ 17:18-19ರಲ್ಲಿ ಅರಸನು ಧರ್ಮಶಾಸ್ತ್ರದ ಪ್ರತಿ ಬರೆದುಕೊಂಡು ಬದುಕಿನ ದಿನಗಳಲ್ಲೆಲ್ಲ ಓದಬೇಕು. ಅದನ್ನು ನೋಡಿ ಯಾಕೋಬನನ್ನು ಪೂರ್ತಿ ಕೈಯಲ್ಲಿ ಬರೆದೆ. ಬರೆಯುವಾಗ ಹಾರಿಸಲು ಆಗುವುದಿಲ್ಲ, 2:1-4ರ ಚಿನ್ನದ ಉಂಗುರದವನನ್ನೂ ಕೊಳಕು ಬಟ್ಟೆಯ ಬಡವನನ್ನೂ ದಾಟಲು ಪೂರ್ತಿ ಕಾಲು ಗಂಟೆ ಬೇಕು. 119ನೇ ಕೀರ್ತನೆ ಬಾಯಿಪಾಠಕ್ಕೆ ಹೇಳಿಮಾಡಿಸಿದ್ದು: 22 ಭಾಗ, ತಲಾ ಎಂಟು ವಚನ, ವಾರಕ್ಕೊಂದು ಭಾಗ ಹಿಡಿಸುತ್ತದೆ. ಆಡಿಯೋ ಸತ್ಯವೇದ ಕಥಾಭಾಗಗಳಿಗೆ ಚೆನ್ನ, ಪತ್ರಿಕೆಗಳಿಗೆ ಆಗದು, ಕಿವಿ ಮುಂದಕ್ಕೆ ಓಡುತ್ತದೆ.

ಬಿಟ್ಟುಹೋಗುವ ವಚನವನ್ನು ಹಿಡಿಯಲು ನಾನು ಪೆನ್ಸಿಲಿನಿಂದ ಮಾಡುವ ಒಂದು ಗುರುತು ಇದೆ. ಅದನ್ನು ಎದುರು ಕುಳಿತು ತೋರಿಸಿದರೆ ಮಾತ್ರ ಹತ್ತುತ್ತದೆ, ಬರೆದರೆ ತಪ್ಪು ಹಿಡಿಯುತ್ತಾರೆ.

ಎರಡು ಆಜ್ಞೆಗಳು ಎದುರುಬದುರಾಗಿ ಕಂಡಾಗ ನಿಲ್ಲಬೇಕಾಗಿಲ್ಲ. ಜ್ಞಾನೋಕ್ತಿ 26:4 ಮೂಢನಿಗೆ ಅವನ ಮೂಢತನದಂತೆ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಎರಡರ ಕೊನೆಯಲ್ಲೂ ಕಾರಣ ಇದೆ: ಒಂದರಲ್ಲಿ ನೀನೂ ಅವನಂತಾಗುತ್ತೀ, ಇನ್ನೊಂದರಲ್ಲಿ ಅವನು ತನ್ನನ್ನು ಜ್ಞಾನಿ ಎಂದುಕೊಳ್ಳುತ್ತಾನೆ. ಎದುರಿಗಿರುವವರ ವಿಷಯದಲ್ಲಿ ಯಾವ ಅಪಾಯ ದೊಡ್ಡದು ಎಂದು ಪ್ರಾರ್ಥಿಸಿ ನೋಡಿ, ಒಂದನ್ನು ಆರಿಸಿ, ಗಂಟೆ ಬರೆದು, ಮಾಡಿ. ಎರಡು ದಿನಕ್ಕಿಂತ ಹೆಚ್ಚು ತೂಗುತ್ತಾ ಕುಳಿತರೆ ಮಾಡದೇ ಇರಲು ಹುಡುಕುತ್ತಿದ್ದೀರಿ ಎಂದು ತಿಳಿದು, ಸಭೆಯಲ್ಲಿ ವಾಕ್ಯ ಚೆನ್ನಾಗಿ ಬಲ್ಲ ಒಬ್ಬರನ್ನು ಕೇಳಿ, ಅವರು ಹೇಳಿದಂತೆ ಆ ಸಂಜೆಯೇ ಮುಗಿಸಿ.